ತರಬೇತುದಾರರ ಚೀಲಕ್ಕೂ ಅನುದಾನ ಬೇಕು

ಮಾನ್ಯರೇ,

ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಮಹಿಳೆಯರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಿಗೆ ನಡೆಯುವ ತರಬೇತಿಗಳಲ್ಲಿ ಬ್ಯಾನರ್, ಊಟ, ಶಿಬಿರಾರ್ಥಿಗಳ ಪೆನ್ನು-ಪ್ಯಾಡು ಎಲ್ಲಕ್ಕೂ ಲೆಕ್ಕ ಇರುತ್ತದೆ. ಕಲಿಸುವವರಿಗೆ ಬೇಕಾದ ಸಾಮಗ್ರಿ ನೆನಪಾಗುವುದು ಸಭಾಭವನಕ್ಕೆ ಹೋದ ಮೇಲೆ. ಮಾರ್ಕರ್ ತರಲು ಯಾರನ್ನೋ ಪೇಟೆಗೆ ಕಳಿಸಿ, ಅವರು ಬರುವಷ್ಟರಲ್ಲಿ ಮೊದಲ ಅವಧಿ ಕಳೆದಿರುತ್ತದೆ. ಪ್ರತಿ ತಾಲ್ಲೂಕಿನಲ್ಲಿ ನಾಲ್ಕೈದು ಸಿದ್ಧ ಕಿಟ್ ಇಟ್ಟು, ಖರ್ಚಾದದ್ದನ್ನು ಆಗಾಗ ತುಂಬಿಸುವ ವ್ಯವಸ್ಥೆ ಆಗಲೇಬೇಕು.

30 ಜನರ ಒಂದು ದಿನದ ತರಬೇತಿಯನ್ನೇ ತೆಗೆದುಕೊಳ್ಳಿ. ಆರಾರು ಜನರ ಐದು ಗುಂಪು. ಗುಂಪಿಗೆರಡು ಚಾರ್ಟ್, ತರಬೇತುದಾರರಿಗೆ ಆರು, ಹೆಚ್ಚುವರಿ ನಾಲ್ಕು ಸೇರಿ 20 ಸಾಕು. ಗುಂಪಿಗೊಂದು ಕಪ್ಪು, ಒಂದು ನೀಲಿ ಮಾರ್ಕರ್. ಕೆಂಪು ಎರಡೇ ಇರಲಿ. ಕೆಂಪಿನಲ್ಲಿ ಬರೆದದ್ದು ಹಿಂದಿನ ಸಾಲಿನವರಿಗೆ ಸರಿಯಾಗಿ ಕಾಣುವುದಿಲ್ಲ, ಅಡಿಗೆರೆ ಎಳೆಯಲು ಮಾತ್ರ ಅದು. ಬಣ್ಣದ ಎ4 ಹಾಳೆಯನ್ನು ಅಡ್ಡಡ್ಡ ಮೂರು ಪಟ್ಟಿ ಕತ್ತರಿಸಿದರೆ ಅಂಗೈ ಅಗಲದ ಕಾರ್ಡು ಸಿಗುತ್ತವೆ. 30 ಹಾಳೆಗೆ 90 ಕಾರ್ಡು, ತಲೆಗೆ ಮೂರು.

ಚಾರ್ಟ್ ಬರೆಯುವಾಗ ಕನ್ನಡಕ್ಕೆ ಜಾಗ ಹೆಚ್ಚು ಬೇಕು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ನಾಲ್ಕು ಸೆಂ.ಮೀ. ಅಕ್ಷರ, ಅಷ್ಟೇ ಅಂತರ, 71 ಸೆಂ.ಮೀ. ಎತ್ತರದ ಹಾಳೆಯಲ್ಲಿ ಎಂಟು ಸಾಲಿಗಿಂತ ಹೆಚ್ಚು ಬೇಡ. ಮಡಚಿ ಒಯ್ದ ಚಾರ್ಟ್ ಗೋಡೆಯ ಮೇಲೆ ಸಪಾಟಾಗಿ ಕೂರದು. ಎರಡಡಿ ಉದ್ದ, ಮೂರಿಂಚು ದಪ್ಪದ ಪಿವಿಸಿ ಪೈಪಿಗೆ ಎರಡೂ ಬದಿ ಮುಚ್ಚಳ ಹಾಕಿದರೆ ಮೇಲಿನಿಂದ ಕೆಳಕ್ಕೆ ಸುರುಳಿ ಮಾಡಿದ ಚಾರ್ಟ್ ಬಸ್ಸಿನ ನೂಕುನುಗ್ಗಲಲ್ಲೂ, ಮಳೆಯಲ್ಲೂ ಹಾಳಾಗುವುದಿಲ್ಲ.

ಗೋಡೆಯದೇ ದೊಡ್ಡ ತಲೆನೋವು. ಸೆಲೊ ಟೇಪು ಪೇಂಟ್ ಕಿತ್ತುಕೊಂಡು ಬರುತ್ತದೆ, ಆಮೇಲೆ ಶಾಲೆಯವರ ಮುಂದೆ ತಲೆತಗ್ಗಿಸಬೇಕು. ಮಾಸ್ಕಿಂಗ್ ಟೇಪು ವಾಸಿ. ಆದರೆ ಸುಣ್ಣ ಬಳಿದ ಗೋಡೆಯಲ್ಲಿ ಅದಕ್ಕೆ ಪುಡಿ ಮೆತ್ತಿಕೊಂಡು ಹತ್ತು ನಿಮಿಷಕ್ಕೆ ಚಾರ್ಟ್ ಕೆಳಗೆ. ಅಲ್ಲಿ 15 ಮೀಟರ್ ನೈಲಾನ್ ಹಗ್ಗ, 30 ಬಟ್ಟೆ ಕ್ಲಿಪ್ಪೇ ಗತಿ. ಕಿಟಕಿಯ ಸರಳಿನಿಂದ ಸರಳಿಗೆ ಬಿಗಿಯಾಗಿ ಕಟ್ಟಬೇಕು; ಸಡಿಲಾದರೆ ಚಾರ್ಟ್‌ಗಳೆಲ್ಲ ಜಾರಿ ನಡುವೆ ಗುಂಪಾಗುತ್ತವೆ. ಚಾರ್ಟಿಗೆ ಎರಡು ಕ್ಲಿಪ್, ಇಲ್ಲದಿದ್ದರೆ ಫ್ಯಾನ್ ಗಾಳಿಗೆ ಮಗುಚಿಕೊಳ್ಳುತ್ತದೆ.

ವೈಟ್‌ಬೋರ್ಡ್ ಮಾರ್ಕರ್ ಬೇರೆ ಚೀಲದಲ್ಲಿರಲಿ, ಮಲಗಿಸಿ ಇಡಿ. ತುದಿ ಮೇಲಾಗಿ ನಿಲ್ಲಿಸಿದರೆ ಬಣ್ಣ ತಳಕ್ಕಿಳಿದು ಬರಹ ಮಸುಕಾಗುತ್ತದೆ. ಬೋರ್ಡಿನ ಮೇಲೆ ಯಾರಾದರೂ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೆ ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರ್ ತಿದ್ದಿ, ಆರುವ ಮುನ್ನ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಐದು ಮೀಟರ್ ವಯರಿನ ಎಕ್ಸ್‌ಟೆನ್ಶನ್ ಬಾಕ್ಸು, ಹಳೆ ಪ್ರೊಜೆಕ್ಟರಿಗೆಂದು ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರು, ವಿಡಿಯೊ ತುಂಬಿದ ಪೆನ್‌ಡ್ರೈವ್ ಬೇಕು. ಕರೆಂಟ್ ಹೋದರೂ ಪಾಠ ನಿಲ್ಲದಂತೆ ಮುಖ್ಯ ಅಂಶಗಳು ಚಾರ್ಟಿನಲ್ಲಿರಲಿ. ಕತ್ತರಿ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ ಮರೆಯಬಾರದು. ಹಾಜರಿಗೆ ಹೆಬ್ಬೆಟ್ಟು ಒತ್ತುವವರಿಗಾಗಿ ಸ್ಟ್ಯಾಂಪ್ ಪ್ಯಾಡ್, ಜೊತೆಗೆ ಒರೆಸಿಕೊಳ್ಳಲು ಒಂದು ಬಟ್ಟೆ ಇಡುವುದು ಅವರಿಗೆ ತೋರುವ ಗೌರವ.

ಕಿಟ್ ಕೆಡುವುದು ಹೆಚ್ಚಾಗಿ ವಾಪಸ್ ತುಂಬುವಾಗ. ಬರೆಯದ ಮಾರ್ಕರನ್ನೂ ಮತ್ತೆ ಪೆಟ್ಟಿಗೆಗೆ ಹಾಕಿದರೆ ಮುಂದಿನವರಿಗೆ ಎಣಿಕೆ ಸರಿ ಕಾಣುತ್ತದೆ, ಕೆಲಸ ಕೆಡುತ್ತದೆ. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ, ಪ್ರತಿ ಮಾರ್ಕರಿನಲ್ಲಿ ಗೆರೆ ಎಳೆದು ನೋಡಿ, ಕೊರತೆ ಬರೆದು ಸಹಿ ಹಾಕಿಯೇ ಪೆಟ್ಟಿಗೆ ಮರಳಿಸಬೇಕು. ಈ ಮರುಪೂರಣಕ್ಕೆ ತರಬೇತಿಯ ಅಂದಾಜು ಪಟ್ಟಿಯಲ್ಲೇ ಪ್ರತ್ಯೇಕ ಬಾಬ್ತು ಸೇರಿಸಿ, ತಾಲ್ಲೂಕು ಪಂಚಾಯಿತಿಯಲ್ಲಿ ಒಬ್ಬ ಸಿಬ್ಬಂದಿಗೆ ಹೊಣೆ ವಹಿಸಬೇಕೆಂದು ಸಂಬಂಧಪಟ್ಟ ಇಲಾಖೆಗಳನ್ನು ಕೋರುತ್ತೇವೆ.

– ಕೆಲವು ಸಂಪನ್ಮೂಲ ವ್ಯಕ್ತಿಗಳು, ಧಾರವಾಡ ಜಿಲ್ಲೆ