ಗಾಯಗೊಂಡ ಓಟಗಾರರಿಗೆ ವಿಶ್ರಾಂತಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಓಟಗಾರರ ಗಾಯಗಳ ಕುರಿತು ಬಂದ ಬರಹವು ‘ನೋವು ಪೂರ್ತಿ ಹೋಗುವವರೆಗೆ ವಿಶ್ರಾಂತಿ ಪಡೆಯಿರಿ’ ಎಂಬಲ್ಲಿಗೆ ಮುಗಿದಿದೆ. ಫಿಸಿಯೋಥೆರಪಿಸ್ಟ್ ಆಗಿ ಓಟಗಾರರ ಕಾಲುಗಳನ್ನೇ ನೋಡುತ್ತ ಬಂದ ನನಗೆ ಈ ಸಲಹೆ ಅರ್ಧಕ್ಕೇ ನಿಂತಂತೆ ಕಂಡಿತು. ಅದನ್ನು ನಂಬಿ ತಿಂಗಳುಗಟ್ಟಲೆ ಕುಳಿತು, ನೋವು ಹೋದ ಮೊದಲ ದಿನವೇ ಹತ್ತು ಕಿಲೋಮೀಟರ್ ಓಡಿ, ಅದೇ ಹಿಮ್ಮಡಿ ನೋವು ಎಂದು ಮತ್ತೆ ಕುಂಟುತ್ತ ಬರುವವರನ್ನು ನಾನು ಧಾರಾಳವಾಗಿ ಕಂಡಿದ್ದೇನೆ.

ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ತಪ್ಪಿಸಬೇಕಾದದ್ದು ಈ ಹೊಡೆತವನ್ನು. ಹೃದಯ, ಶ್ವಾಸಕೋಶಗಳಿಗೆ ಗಾಯವಾಗಿಲ್ಲವಲ್ಲ! ಅವುಗಳಿಗೂ ರಜೆ ಕೊಟ್ಟರೆ ಎರಡು-ಮೂರು ವಾರಗಳಲ್ಲೇ ದಮ್ಮು ಇಳಿಯತೊಡಗುತ್ತದೆ.

ನಾನು ಮೊದಲು ಸೂಚಿಸುವುದು ಈಜುಕೊಳವನ್ನು. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಕಾಲು ತಳಕ್ಕೆ ತಾಗದಷ್ಟು ಆಳದಲ್ಲಿ ಓಡಬೇಕು. ಬೆನ್ನು ನೆಟ್ಟಗಿರಲಿ, ಹೆಚ್ಚಿನವರು ಮುಂದಕ್ಕೆ ಬಾಗಿ ಅರ್ಧ ಓಟ, ಅರ್ಧ ಈಜು ಮಾಡುತ್ತಾರೆ. ನೀರಿನಲ್ಲಿ ಅಷ್ಟೇ ಶ್ರಮಕ್ಕೆ ಹೃದಯ ಬಡಿತ ನೆಲದ ಮೇಲಿಗಿಂತ ಕಡಿಮೆ ಇರುತ್ತದೆ. ಹಾಗಾಗಿ ಕೈಯಲ್ಲಿನ ವಾಚನ್ನು ನಂಬದೆ ಉಸಿರಾಟವನ್ನು ಗಮನಿಸಬೇಕು. ಒಂದೇ ವೇಗದಲ್ಲಿ ಮುಕ್ಕಾಲು ಗಂಟೆ ಓಡುವುದು ಮಹಾ ಬೇಸರದ ಕೆಲಸ, ಒಪ್ಪುತ್ತೇನೆ. ಎರಡು ನಿಮಿಷ ಜೋರು, ಒಂದು ನಿಮಿಷ ನಿಧಾನ ಎಂದು ಒಡೆದುಕೊಂಡರೆ ಸಹ್ಯವಾಗುತ್ತದೆ. ಆಳಕ್ಕೆ ಅಂಜುವವರು ಎದೆಮಟ್ಟದ ನೀರಿನಲ್ಲಿ ನಡೆದರೂ ಕಾಲಿನ ಭಾರ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ.

ಸೈಕಲ್, ಪಾದ ಎತ್ತದೆಯೇ ಓಡುವಂತೆ ಕಾಲಾಡಿಸುವ ಎಲಿಪ್ಟಿಕಲ್ ಯಂತ್ರಗಳೂ ಆಗಬಹುದು. ಸೈಕಲ್ ಸೀಟು ತೀರ ಕೆಳಗಿದ್ದರೆ ಮಂಡಿಚಿಪ್ಪಿನ ನೋವು ಹೆಚ್ಚುತ್ತದೆ. ಮಂಡಿಯ ಹೊರಬದಿ ನೋಯುವವರಿಗೆ ಕೆಲವೊಮ್ಮೆ ಸೈಕಲ್ಲೇ ಒಗ್ಗುವುದಿಲ್ಲ. ಗಾಳಿಯ ಒತ್ತಡದಿಂದ ದೇಹವನ್ನು ಎತ್ತಿಹಿಡಿಯುವ ಟ್ರೆಡ್‌ಮಿಲ್ ಒಳ್ಳೆಯದೇ, ಆದರೆ ಅದು ಎಷ್ಟು ಜನರಿಗೆ ಸಿಕ್ಕೀತು?

1984ರಲ್ಲಿ ಅಮೆರಿಕದ ಜೋನ್ ಬೆನೊಯ್ಟ್ ಮಂಡಿ ಶಸ್ತ್ರಚಿಕಿತ್ಸೆಯಾದ 17 ದಿನಗಳಿಗೆ ಒಲಿಂಪಿಕ್ಸ್ ಆಯ್ಕೆಯ ಮ್ಯಾರಥಾನ್ ಗೆದ್ದರು. ಆಗಸ್ಟ್‌ನಲ್ಲಿ ಮಹಿಳೆಯರ ಮೊತ್ತಮೊದಲ ಒಲಿಂಪಿಕ್ ಮ್ಯಾರಥಾನ್ ಚಿನ್ನವೂ ಅವರದಾಯಿತು. ಕಾಲು ಆಡಿಸಲಾಗದ ದಿನಗಳಲ್ಲಿ ಅವರು ಸೈಕಲ್ ಪೆಡಲನ್ನು ಕೈಯಿಂದ ತಿರುಗಿಸಿದ್ದರು. ಆ 17 ದಿನಗಳ ಅವಸರವನ್ನು ಯಾರೂ ಅನುಕರಿಸಬೇಡಿ, ಕೈಪೆಡಲನ್ನು ಅನುಕರಿಸಿ.

ನಿಮ್ಮ ಬರಹ ಪೂರಾ ಬಿಟ್ಟಿರುವುದು ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುವಿನ ವಿಷಯ. ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಕುಳಿತಷ್ಟೂ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಅಳತೆಯ ಭಾರ ಬೇಕು. ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮವನ್ನು ಈಗಲೂ ಬಳಸುತ್ತೇವೆ: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, 15ರಂತೆ ಮೂರು ಸುತ್ತು, ದಿನಕ್ಕೆರಡು ಬಾರಿ, 12 ವಾರ. ಸ್ವಲ್ಪ ನೋವಾದರೂ ಪರವಾಗಿಲ್ಲ. ಹತ್ತರ ಅಳತೆಯಲ್ಲಿ ಅದು ಐದನ್ನು ಮೀರಬಾರದು, ಮರುದಿನ ಬೆಳಿಗ್ಗೆ ಹೆಚ್ಚಿರಬಾರದು.

ಇನ್ನೊಂದು ಎಚ್ಚರಿಕೆ. ನೀರು, ಸೈಕಲ್ ದಮ್ಮನ್ನು ಉಳಿಸುತ್ತವೆಯೇ ಹೊರತು ಮೂಳೆಗೆ ನೆಲದ ಹೊಡೆತದ ಅಭ್ಯಾಸ ಕೊಡುವುದಿಲ್ಲ. ಆದ್ದರಿಂದ ಮರಳುವಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದಲೇ ಶುರುಮಾಡಬೇಕು. ದಮ್ಮು ತುಂಬಿಕೊಂಡವರಿಗೆ ಇದು ಅವಮಾನವೆನಿಸುತ್ತದೆ. ನನ್ನೊಡನೆ ಅತಿ ಹೆಚ್ಚು ಜಗಳವಾಡುವವರೂ ಇವರೇ.

ಸಂಪೂರ್ಣ ವಿಶ್ರಾಂತಿ ಬೇಕಾಗುವ ಸಂದರ್ಭಗಳೂ ಇವೆ. ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ಒತ್ತಿದರೆ ನೋಯುವುದು, ರಾತ್ರಿ ಮಲಗಿದಾಗಲೂ ನೋಯುವುದು, ಒಂಟಿಕಾಲಿನಲ್ಲಿ ಕುಪ್ಪಳಿಸಲಾಗದಿರುವುದು, ತೊಡೆಸಂದಿಯಲ್ಲಿ ಆಳದ ನೋವು ಇವು ಮೂಳೆ ಬಿರುಕಿನ ಸೂಚನೆಗಳಾಗಿರಬಹುದು. ಇಂಥವರು ವೈದ್ಯರು ಪರೀಕ್ಷಿಸುವವರೆಗೆ ಸೈಕಲ್ಲನ್ನೂ ಮುಟ್ಟಬಾರದು. ಮುಂದಿನ ಸಂಚಿಕೆಯಲ್ಲಿ ಈ ಲಕ್ಷಣಗಳನ್ನಾದರೂ ಒಂದು ಚೌಕಟ್ಟಿನಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಫಿಸಿಯೋಥೆರಪಿಸ್ಟ್