ಭೂಕಂಪ ಯಾಕಾಯ್ತು ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಎಲ್ಲೇ ದೊಡ್ಡ ಭೂಕಂಪ ಆದ್ರೂ ಪೇಪರ್‌ನಲ್ಲಿ ತೀವ್ರತೆ ಎಷ್ಟು, ಸತ್ತವರು ಎಷ್ಟು ಅಂತ ಬರುತ್ತೆ, ಯಾಕಾಯ್ತು ಅನ್ನೋದು ಮಾತ್ರ ಒಂದೇ ಸಾಲಲ್ಲಿ ಮುಗಿದುಹೋಗುತ್ತೆ, ಇದು ನಂಗೆ ನಿಜಕ್ಕೂ ಬೇಜಾರು. ಜಪಾನಿನ ಪೂರ್ವಕ್ಕೆ ಸಮುದ್ರದ ತಳದಲ್ಲಿ ಪೆಸಿಫಿಕ್ ಪ್ಲೇಟ್ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ವರ್ಷಕ್ಕೆ ಸುಮಾರು 8 ಸೆಂಟಿಮೀಟರ್ ಲೆಕ್ಕದಲ್ಲಿ ಜಪಾನ್ ಕಡೆಯ ಪ್ಲೇಟಿನ ಕೆಳಗೆ ನುಗ್ತಾನೇ ಇದೆ, ಆದ್ರೆ ಎರಡು ಪ್ಲೇಟ್ ಒಂದಕ್ಕೊಂದು ಉಜ್ಜೋ ಜಾಗ ಲಾಕ್ ಆಗಿರೋದ್ರಿಂದ ಮೇಲಿನ ಪ್ಲೇಟಿನ ಅಂಚೂ ಜೊತೆಗೇ ಕೆಳಕ್ಕೆ ಬಗ್ಗುತ್ತೆ, ಹಿಂಗೆ ನೂರಾರು ವರ್ಷ ಒತ್ತಡ ಕೂಡ್ತಾ ಹೋಗಿ ಒಂದಿನ ಲಾಕ್ ಬಿಟ್ರೆ ಆ ಅಂಚು ಚಿಮ್ಮಿ ಮೇಲಿರೋ ನೀರನ್ನೇ ಎತ್ತಿಬಿಡುತ್ತೆ, ಸುನಾಮಿ ಹುಟ್ಟೋದು ಅಲ್ಲೇ. 2011ರ ಮಾರ್ಚ್ 11ಕ್ಕೆ ಜಪಾನಿನಲ್ಲಿ ಆಗಿದ್ದು ಇದೇ. 2004ರ ಭೂಕಂಪದಲ್ಲೂ ಹಿಂಗೇ ಲಾಕ್ ಆಗಿದ್ದ ಜಾಗ ಸುಮಾತ್ರಾದಿಂದ ಅಂಡಮಾನ್ ತನಕ ಸುಮಾರು 1300 ಕಿಲೋಮೀಟರ್ ಉದ್ದಕ್ಕೆ ಬಿರಿದಿತ್ತು! 1960ರ ಚಿಲಿ ಭೂಕಂಪ 9.5, ಅಳತೆಗೆ ಸಿಕ್ಕಿದ್ರಲ್ಲಿ ಅದೇ ದೊಡ್ಡದು.

ಇನ್ನೊಂದು, ಇಷ್ಟು ದೊಡ್ಡ ಭೂಕಂಪಗಳನ್ನ ಈಗ ಅಳೆಯೋದು ಮೊಮೆಂಟ್ ಮ್ಯಾಗ್ನಿಟ್ಯೂಡ್‌ನಲ್ಲಿ (ಎಷ್ಟು ಜಾಗ ಬಿರಿದು ಎಷ್ಟು ಜರುಗಿತು ಅನ್ನೋದರ ಮೇಲೆ ಲೆಕ್ಕ ಹಾಕೋ ಅಳತೆ), ನೀವಿನ್ನೂ ರಿಕ್ಟರ್ ಅಂತಾನೇ ಹಾಕ್ತೀರ. ಮುಂದಿನ ಸಲ ಸುದ್ದಿ ಜೊತೆ ಪ್ಲೇಟ್‌ಗಳ ಒಂದು ಚಿತ್ರ ಹಾಕಿ ಸರ್, ಸ್ಕೂಲ್ ಮಕ್ಕಳಿಗೂ ಅರ್ಥ ಆಗುತ್ತೆ.

ಇತಿ,
ನಿಮ್ಮ ಓದುಗ