ಡ್ರಿಲ್ ಹಿಡಿದು ಬಂದ ಅಣ್ಣನಿಗೆ

ಹೆಸರು ಕೇಳುವಷ್ಟರಲ್ಲಿ ಬೈಕ್ ಹತ್ತಿ ಹೊರಟೇಬಿಟ್ಟಿರಿ. ಹಾಗಾಗಿ ಥ್ಯಾಂಕ್ಸ್ ಇಲ್ಲೇ ಹೇಳುತ್ತಿದ್ದೇನೆ ಅಣ್ಣ.

ತೀರ್ಥಹಳ್ಳಿ ಕಡೆಯ ನಮ್ಮ ಕಣದಲ್ಲಿ ಒಕ್ಕಣೆ ಯಂತ್ರದ ಶಾಫ್ಟ್ ಬಾಗಿ, ಬೇರಿಂಗ್‌ನಿಂದ ಹೊರಗೇ ಬರುತ್ತಿರಲಿಲ್ಲ. ಕತ್ತರಿಸದೆ ದಾರಿಯಿಲ್ಲ. ಕಬ್ಬಿಣ ಕೊಯ್ಯುವ ಗ್ರೈಂಡರ್ ಹಚ್ಚೋಣವೆಂದರೆ ಸುತ್ತ ಒಣಹುಲ್ಲು, ಒಂದು ಕಿಡಿ ಸಾಕಿತ್ತು. ಸಾಲದ್ದಕ್ಕೆ ಕರೆಂಟೂ ಇಲ್ಲ.

ನೀವು ಬ್ಯಾಟರಿ ಡ್ರಿಲ್‌ನ ಚಕ್‌ಗೆ (ಬಿಟ್ ಕಚ್ಚಿ ಹಿಡಿಯುವ ಬಾಯಿಗೆ) ಗರಗಸದ ಅಟ್ಯಾಚ್‌ಮೆಂಟ್ ಸಿಕ್ಕಿಸಿದಿರಿ. ಡ್ರಿಲ್ ಗರಗರ ತಿರುಗಿದರೆ ಬ್ಲೇಡ್ ಹಿಂದೆ ಮುಂದೆ ಓಡುತ್ತದೆ, ಅಷ್ಟೇ. 25 ಮಿ.ಮೀ. ದಪ್ಪದ ಶಾಫ್ಟ್‌ಗೆ ಇಂಚಿಗೆ 18 ಹಲ್ಲಿನ, ಎರಡು ಬಗೆಯ ಉಕ್ಕು ಬೆಸೆದ ಬೈಮೆಟಲ್ ಬ್ಲೇಡ್. "ಸ್ಪೀಡ್ ಜಾಸ್ತಿ ಕೊಟ್ರೆ ಹಲ್ಲು ಸುಟ್ಟು ಹೋಗುತ್ತೆ" ಎನ್ನುತ್ತಾ ಟ್ರಿಗರ್ ಅರ್ಧವೇ ಒತ್ತಿ, ನಡುನಡುವೆ ಎಣ್ಣೆ ಬಿಟ್ಟಿರಿ. ಅಟ್ಯಾಚ್‌ಮೆಂಟ್‌ನ ಮುಂಭಾಗದ ತಗಡನ್ನು ಶಾಫ್ಟ್‌ಗೆ ಗಟ್ಟಿಯಾಗಿ ಒತ್ತಿ ಹಿಡಿದಿದ್ದಕ್ಕೇ ಬ್ಲೇಡ್ ಕುಣಿಯಲಿಲ್ಲ ಅಂತ ಆಮೇಲೆ ಹೊಳೆಯಿತು. ಗ್ರೈಂಡರ್‌ನಷ್ಟು ಚುರುಕಲ್ಲ, ನಿಜ. ನೋಡುತ್ತಾ ನಿಂತ ಅಪ್ಪನಿಗಂತೂ ತಾಳ್ಮೆಯೇ ಇರಲಿಲ್ಲ. ಆದರೆ ಬೇರಿಂಗ್‌ನ ಮನೆಗೆ ಒಂದು ಗೀರೂ ಬೀಳಲಿಲ್ಲ.

ದುಡ್ಡು ಬೇಡವೆಂದಿರಿ. ಮಜ್ಜಿಗೆಯನ್ನಾದರೂ ಕುಡಿದಿರಲ್ವಾ, ಸದ್ಯ. ಸವೆದುಹೋದ ಬ್ಲೇಡ್ ಬದಲಿಗೆ ಹೊಸದು ತಂದಿಟ್ಟಿದ್ದೇನೆ. ಈ ಕಡೆ ಬಂದಾಗ ತಗೊಂಡು ಹೋಗಿ.